ಜೀವರಾಶಿ ತ್ಯಾಜ್ಯದಿಂದ ಇಂಧನ: ಜೈವಿಕ ಅನಿಲವೋ, ಪೆಲೆಟ್ಟೋ, ಗ್ಯಾಸಿಫೈಯರೋ, ಇದ್ದಿಲೋ?

ಸಗಣಿಯೂ ಇದೆ, ಒಣ ದಂಟೂ ಇದೆ, ಮರದ ಹೊಟ್ಟೂ ಇದೆ. ಯಾವುದರಿಂದ ಏನು ಮಾಡಿದರೆ ಹಾಕಿದ ಹಣಕ್ಕೆ ಬೆಲೆ ಬರುತ್ತದೆ ಎಂಬ ಪ್ರಶ್ನೆಯನ್ನು ಓದುಗರು ಬೇರೆ ಬೇರೆ ರೂಪದಲ್ಲಿ ಕೇಳುತ್ತಲೇ ಇರುತ್ತಾರೆ. ಹೈನುಗಾರಿಕೆ ನಡೆಸುವವರು, ಮರ ಕೊಯ್ಯುವ ಮಿಲ್ಲಿನವರು, ಧಾನ್ಯದ ಗಿರಣಿ ಇಟ್ಟುಕೊಂಡವರು, ದಿನವೂ ನೂರಾರು ಜನರಿಗೆ ಅಡುಗೆ ಮಾಡುವ ಸಂಸ್ಥೆಗಳವರು, ಹೀಗೆ ಕೇಳುವವರೂ ಹಲವು ಬಗೆ. ಇವರಲ್ಲಿ ಹೆಚ್ಚಿನವರು ಯಾವುದೋ ಯಂತ್ರವನ್ನು ಮೊದಲು ನೋಡಿ, ಅದು ತಮ್ಮಲ್ಲಿರುವ ತ್ಯಾಜ್ಯಕ್ಕೆ ಹೊಂದೀತೇ ಎಂದು ಆಮೇಲೆ ಯೋಚಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಕ್ರಮವೇ ತಿರುಗುಮುರುಗಾದದ್ದು. ಕೈಯಲ್ಲಿರುವ ತ್ಯಾಜ್ಯದ ಗುಣವೇ ಅರ್ಧ ತೀರ್ಮಾನವನ್ನು ಮಾಡಿಬಿಡುತ್ತದೆ. ನಮಗೆ ಬೇಕಾಗಿರುವುದು ಶಾಖವೋ ವಿದ್ಯುತ್ತೋ ಎಂಬುದು ಉಳಿದರ್ಧವನ್ನು ಬಹುಮಟ್ಟಿಗೆ ಮುಗಿಸುತ್ತದೆ. ಯಂತ್ರದ ಮಾತು ಬರಬೇಕಾದದ್ದು ಅದಾದ ಮೇಲೆ.

ಮೊದಲು ಅಳೆಯಬೇಕಾದದ್ದು ನೀರು

ಎಲ್ಲ ಮಾನದಂಡಗಳಿಗಿಂತ ಮುಂಚೆ ತೇವಾಂಶವನ್ನು ನೋಡಬೇಕು. ಪೂರ್ತಿ ಒಣಗಿದ ಮರದ ಒಂದು ಕಿಲೋದಲ್ಲಿ ಸುಮಾರು 18ರಿಂದ 19 ಮೆಗಾಜೂಲ್ ಶಕ್ತಿ ಇರುತ್ತದೆ. ಅದೇ ಮರದಲ್ಲಿ ಶೇ. 15ರಷ್ಟು ನೀರಿದ್ದರೆ ಉಪಯೋಗಕ್ಕೆ ಸಿಗುವುದು ಸುಮಾರು 15 ಮೆಗಾಜೂಲ್. ಅರ್ಧಕ್ಕರ್ಧ ನೀರಿದ್ದರೆ ಸುಮಾರು 8 ಮಾತ್ರ. ನೀರು ತಾನು ಉರಿಯುವುದಿಲ್ಲ, ಜೊತೆಗೆ ಪ್ರತಿ ಕಿಲೋ ನೀರು ಆವಿಯಾಗುವಾಗ ಎರಡೂಕಾಲು ಮೆಗಾಜೂಲಿಗಿಂತ ಹೆಚ್ಚು ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಹಸಿ ಸಗಣಿ, ತರಕಾರಿ ಸಿಪ್ಪೆ, ಅನ್ನದ ಉಳಿಕೆಯಂಥ ಶೇ. 80ರಷ್ಟು ನೀರಿರುವ ವಸ್ತುಗಳನ್ನು ಸುಡಲು ಹೊರಟರೆ ಬರುವ ಶಾಖದ ದೊಡ್ಡ ಪಾಲು ಆ ನೀರನ್ನು ಒಣಗಿಸುವುದಕ್ಕೇ ಖರ್ಚಾಗುತ್ತದೆ. ಆದ್ದರಿಂದ ಹಸಿ ತ್ಯಾಜ್ಯವನ್ನು ಬ್ಯಾಕ್ಟೀರಿಯಾಗಳಿಗೆ ಒಪ್ಪಿಸಬೇಕು, ಒಣ ತ್ಯಾಜ್ಯವನ್ನು ಬೆಂಕಿಗೆ ಒಪ್ಪಿಸಬೇಕು ಎಂಬುದು ಈ ಕ್ಷೇತ್ರದ ಮೊದಲ ಪಾಠ.

ಇದನ್ನು ಊಹೆಗೆ ಬಿಡಬೇಕಾಗಿಲ್ಲ. ರಾಶಿಯ ಮೇಲ್ಭಾಗ, ನಡುಭಾಗ ಮತ್ತು ತಳದಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ, ಅದರಲ್ಲಿ 100 ಗ್ರಾಂ ತೂಗಿ, 105 ಡಿಗ್ರಿ ಸೆಲ್ಸಿಯಸ್‌ನ ಓವನ್ನಿನಲ್ಲಿ ಒಂದು ದಿನ ಇಟ್ಟು ಮತ್ತೆ ತೂಗಿದರೆ, ಕಡಿಮೆಯಾದ ಗ್ರಾಂಗಳೇ ತೇವಾಂಶದ ಶೇಕಡಾವಾರು. ಒಣಗಿದಂತೆ ಕಾಣುವ ರಾಶಿಯ ಒಡಲಲ್ಲಿ ಎಷ್ಟು ನೀರು ಉಳಿದಿರುತ್ತದೆ ಎಂಬುದು ಈ ಚಿಕ್ಕ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಮಾಡಿದರೆ ಇನ್ನೂ ಒಳ್ಳೆಯದು, ಏಕೆಂದರೆ ಯಂತ್ರವನ್ನು ಎರಡೂ ಕಾಲದಲ್ಲಿ ನಡೆಸಬೇಕಾಗುತ್ತದೆ.

ಎರಡನೆಯ ಮಾನದಂಡ ಬೂದಿ. ಮರದಲ್ಲಿ ಅದು ಸಾಮಾನ್ಯವಾಗಿ ಶೇ. 1ರ ಆಸುಪಾಸು; ಭತ್ತದ ಹೊಟ್ಟಿನಲ್ಲಿ ಸುಮಾರು ಶೇ. 20. ಅಂದರೆ ಐದು ಚೀಲ ಹೊಟ್ಟು ಸುಟ್ಟರೆ ಒಂದು ಚೀಲದ ತೂಕದ ಬೂದಿಯನ್ನು ಹೊರಗೆ ಸಾಗಿಸಬೇಕು, ಆ ಬೂದಿಯ ಬಹುಪಾಲು ಲೋಹವನ್ನೂ ಸವೆಸುವ ಸಿಲಿಕಾ. ಬೂದಿಯ ಪ್ರಮಾಣಕ್ಕಿಂತ ಅದರ ಗುಣ ಹೆಚ್ಚು ತೊಂದರೆ ಕೊಡುತ್ತದೆ. ಹುಲ್ಲು ಮತ್ತು ದಂಟುಗಳಲ್ಲಿ ಪೊಟ್ಯಾಸಿಯಂ, ಕ್ಲೋರಿನ್‌ ಹೆಚ್ಚಿರುವುದರಿಂದ ಬೂದಿ ಕಡಿಮೆ ಉಷ್ಣತೆಯಲ್ಲೇ ಕರಗಿ, ಒಲೆಯ ಕಂಬಿಗಳ ಮೇಲೆ ಗಾಜಿನಂತೆ ಗಟ್ಟಿಯಾದ ಕಿಟ್ಟವಾಗಿ ಕೂರುತ್ತದೆ. ಕಂಬಿಗಳ ನಡುವಿನ ಸಂದು ಮುಚ್ಚಿ ಗಾಳಿ ನಿಲ್ಲುತ್ತದೆ, ಉರಿ ಮಂಕಾಗುತ್ತದೆ, ಕೊನೆಗೆ ಒಲೆಯನ್ನು ಆರಿಸಿ ಹಾರೆಯಿಂದ ಕುಟ್ಟಿ ತೆಗೆಯದೆ ಬೇರೆ ದಾರಿ ಇರುವುದಿಲ್ಲ. ಡೆನ್ಮಾರ್ಕಿನ ಹುಲ್ಲಿನ ಬಾಯ್ಲರ್‌ಗಳಲ್ಲಿ ಹೊಸ ಹಳದಿ ಹುಲ್ಲಿಗಿಂತ ಮಳೆಯಲ್ಲಿ ನೆನೆದು ಬೂದುಬಣ್ಣಕ್ಕೆ ತಿರುಗಿ ಮತ್ತೆ ಒಣಗಿದ ಹುಲ್ಲಿಗೆ ಆದ್ಯತೆ ಇದೆ. ಮಳೆನೀರು ಪೊಟ್ಯಾಸಿಯಂ ಮತ್ತು ಕ್ಲೋರಿನ್ನಿನ ದೊಡ್ಡ ಭಾಗವನ್ನು ತೊಳೆದುಬಿಡುವುದೇ ಇದಕ್ಕೆ ಕಾರಣ.

ಉಳಿದ ಮಾನದಂಡಗಳನ್ನು ಬೇಗ ಹೇಳಬಹುದು. ತ್ಯಾಜ್ಯ ದಿನವೂ ಸಿಗುತ್ತದೆಯೋ, ಸುಗ್ಗಿಯ ಒಂದೆರಡು ತಿಂಗಳು ಮಾತ್ರವೋ? ಬೇಕಾಗಿರುವುದು ಅಡುಗೆಯ ಉರಿಯೋ, ಬಿಸಿನೀರೋ, ಉಗಿಯೋ, ವಿದ್ಯುತ್ತೋ, ವಾಹನದ ಇಂಧನವೋ? ಯಂತ್ರವನ್ನು ದಿನವೂ ನೋಡಿಕೊಳ್ಳಲು ಯಾರಿದ್ದಾರೆ? ಇವುಗಳ ಜೊತೆಗೆ ಬಹಳ ಜನ ಮರೆಯುವ ಒಂದು ಪ್ರಶ್ನೆ ಇದೆ: ಇದು ನಿಜವಾಗಿಯೂ ತ್ಯಾಜ್ಯವೇ? ಹೊಲದ ಹುಲ್ಲಿನ ಮೇಲೆ ದನಕರುಗಳಿಗೂ ಮಣ್ಣಿಗೂ ಹಕ್ಕಿದೆ. ವರ್ಷವರ್ಷವೂ ಎಲ್ಲವನ್ನೂ ಬಳಿದುಕೊಂಡು ಹೋದರೆ ಮಣ್ಣಿನ ಸಾವಯವ ಇಂಗಾಲ ಇಳಿಯುತ್ತದೆ, ಆ ನಷ್ಟವನ್ನು ಯಾವ ಇಂಧನದ ಲೆಕ್ಕವೂ ತೋರಿಸುವುದಿಲ್ಲ.

ಜೈವಿಕ ಅನಿಲ

ಗಾಳಿಯಾಡದ ತೊಟ್ಟಿಯಲ್ಲಿ ಹಸಿ ತ್ಯಾಜ್ಯವನ್ನು ಸೂಕ್ಷ್ಮಜೀವಿಗಳು ಕೊಳೆಸಿದಾಗ ಹುಟ್ಟುವ ಅನಿಲದಲ್ಲಿ ಶೇ. 50ರಿಂದ 70ರಷ್ಟು ಮೀಥೇನ್, ಉಳಿದದ್ದು ಬಹುತೇಕ ಇಂಗಾಲದ ಡೈಆಕ್ಸೈಡ್, ಜೊತೆಗೆ ಸ್ವಲ್ಪ ಹೈಡ್ರೋಜನ್ ಸಲ್ಫೈಡ್ ಇರುತ್ತವೆ. ಲೆಕ್ಕ ಸರಳವಾಗಿದೆ. ಸುಮಾರು 25 ಕಿಲೋ ಹಸಿ ಸಗಣಿಯಿಂದ ಒಂದು ಘನ ಮೀಟರ್ ಅನಿಲ ಸಿಗುತ್ತದೆ. ಅದು ಒಲೆಯಲ್ಲಿ 0.45 ಕಿಲೋದಷ್ಟು ಎಲ್‌ಪಿಜಿಯ ಕೆಲಸ ಮಾಡುತ್ತದೆ. ಆ ಸಗಣಿಗೆ ಅಷ್ಟೇ ನೀರು ಬೆರೆಸಿದರೆ ದಿನಕ್ಕೆ 50 ಲೀಟರ್ ಬಗ್ಗಡ. ಅದು ಒಳಗೆ 40 ದಿನ ಇರಬೇಕೆಂದರೆ 2,000 ಲೀಟರ್ ಜಾಗ ಬೇಕು, ಅನಿಲ ನಿಲ್ಲುವ ಜಾಗ ಬೇರೆ. ಅಡುಗೆಮನೆಯ ತ್ಯಾಜ್ಯ ಇದಕ್ಕಿಂತ ಉದಾರಿ. ಅದರಲ್ಲಿರುವ ಪಿಷ್ಟ, ಕೊಬ್ಬುಗಳನ್ನು ದನದ ಹೊಟ್ಟೆ ಇನ್ನೂ ಜೀರ್ಣಿಸಿರುವುದಿಲ್ಲವಾದ್ದರಿಂದ, ಒಂದು ಕಿಲೋಕ್ಕೆ ಸಗಣಿಯ ಎರಡು ಮೂರು ಪಟ್ಟು ಅನಿಲ ಬರುತ್ತದೆ.

ಆ ಉದಾರತೆಯೇ ತೊಂದರೆಯೂ ಹೌದು. ಅನ್ನ, ಹಣ್ಣುಗಳಂಥ ಬೇಗ ಕೊಳೆಯುವ ವಸ್ತುಗಳನ್ನು ಒಮ್ಮೆಲೇ ಸುರಿದರೆ ಆಮ್ಲ ತಯಾರಿಸುವ ಜೀವಿಗಳು ಮುಂದೋಡುತ್ತವೆ, ಮೀಥೇನ್ ತಯಾರಿಸುವ ನಿಧಾನದ ಜೀವಿಗಳು ಹಿಂದೆ ಬೀಳುತ್ತವೆ, ತೊಟ್ಟಿ ಹುಳಿಯಾಗುತ್ತದೆ. ಹುಳಿತನದ ಅಳತೆಯಾದ ಪಿಎಚ್ 6.8 ಮತ್ತು 7.5ರ ನಡುವೆ ಇದ್ದರೆ ಕ್ಷೇಮ. ಅದು ಇಳಿಯತೊಡಗಿದಾಗ ಮಾಡಬೇಕಾದ ಮೊದಲ ಕೆಲಸವೆಂದರೆ ಹೊಸದಾಗಿ ಹಾಕುವುದನ್ನು ಕೆಲವು ದಿನ ನಿಲ್ಲಿಸುವುದು. ಕೋಳಿಗೊಬ್ಬರದಲ್ಲಿ ತೊಂದರೆ ಬೇರೆ ಬಗೆಯದು: ಸಾರಜನಕ ಹೆಚ್ಚಾಗಿ ಅಮೋನಿಯಾ ಸೇರಿಕೊಳ್ಳುತ್ತದೆ. ಇಂಗಾಲ ಮತ್ತು ಸಾರಜನಕದ ಪ್ರಮಾಣ 20ರಿಂದ 30ಕ್ಕೆ 1ರಷ್ಟಿದ್ದರೆ ಜೀವಿಗಳಿಗೆ ಹಿತ. ಹಾಗಾಗಿ ಕೋಳಿಗೊಬ್ಬರದ ಜೊತೆ ಕತ್ತರಿಸಿದ ಹುಲ್ಲನ್ನೋ, ಅಡುಗೆಮನೆಯ ತ್ಯಾಜ್ಯದ ಜೊತೆ ಸಗಣಿಯನ್ನೋ ಬೆರೆಸಿ ನಡೆಸುವ ತೊಟ್ಟಿಗಳು ಒಂದನ್ನೇ ನಂಬಿದ ತೊಟ್ಟಿಗಳಿಗಿಂತ ನೆಮ್ಮದಿಯಾಗಿ ನಡೆಯುತ್ತವೆ. ಮರದ ಹೊಟ್ಟನ್ನು ಮಾತ್ರ ಹಾಕಬಾರದು. ಅದರಲ್ಲಿರುವ, ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತು ಗಾಳಿಯಿಲ್ಲದೆ ಕೊಳೆಯುವುದಿಲ್ಲ, ಮೇಲೆ ತೇಲಿ ಕೆನೆ ಕಟ್ಟುತ್ತದೆ.

ಉಷ್ಣತೆಯನ್ನೂ ಗಮನಿಸಬೇಕು. 30ರಿಂದ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚುರುಕಾಗಿರುವ ಈ ಜೀವಿಗಳು 15 ಡಿಗ್ರಿಗಿಂತ ಕೆಳಗೆ ಬಹಳ ಮಂದವಾಗುತ್ತವೆ. ಚಳಿಯ ಪ್ರದೇಶಗಳಲ್ಲಿ ತೊಟ್ಟಿಯನ್ನು ಬಿಸಿ ಮಾಡಲು ಉತ್ಪಾದನೆಯ ಒಂದು ಪಾಲನ್ನು ಬಳಸಬೇಕಾಗುತ್ತದೆ. ಹೊಸ ತೊಟ್ಟಿಯಿಂದ ಮೊದಲ ದಿನಗಳಲ್ಲಿ ಬರುವ ಅನಿಲ ಹೊತ್ತಿಕೊಳ್ಳದಿದ್ದರೆ ಗಾಬರಿಯಾಗಬೇಕಿಲ್ಲ. ಆರಂಭದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿರುತ್ತದೆ, ಗಾಳಿಯೂ ಬೆರೆತಿರುತ್ತದೆ, ಅದನ್ನು ಹೊರಗೆ ಬಿಟ್ಟುಬಿಡಬೇಕು. ನೀಲಿ ಜ್ವಾಲೆ ನಿಂತು ಉರಿಯತೊಡಗಿದಾಗ ತೊಟ್ಟಿ ಹದಕ್ಕೆ ಬಂದಿದೆ ಎಂದು ತಿಳಿಯಬಹುದು.

ನಾನು ಹಸಿ ತ್ಯಾಜ್ಯ ಇರುವವರಿಗೆ ಬೇರೆ ಯೋಚನೆಯೇ ಬೇಡ ಎಂದು ಹೇಳಲು ಅನಿಲಕ್ಕಿಂತ ತೊಟ್ಟಿಯಿಂದ ಹೊರಬರುವ ಬಗ್ಗಡವೇ ದೊಡ್ಡ ಕಾರಣ. ಸುಟ್ಟರೆ ಸಾರಜನಕ ಗಾಳಿಗೆ ಹೋಗುತ್ತದೆ. ಇಲ್ಲಿ ಸಾರಜನಕ, ರಂಜಕ, ಪೊಟ್ಯಾಸಿಯಂ ಮೂರೂ ಬಗ್ಗಡದಲ್ಲಿ ಉಳಿಯುತ್ತವೆ, ಸಾರಜನಕದ ಹೆಚ್ಚಿನ ಭಾಗ ಬೆಳೆಗೆ ಬೇಗ ದಕ್ಕುವ ರೂಪಕ್ಕೆ ಬಂದಿರುತ್ತದೆ. ಆದರೆ ಬಗ್ಗಡವನ್ನು ಹಾಕಲು ಹತ್ತಿರದಲ್ಲಿ ಜಮೀನಿಲ್ಲದವರಿಗೆ ಇದೇ ಲಾಭ ಹೊರೆಯಾಗುತ್ತದೆ, ಏಕೆಂದರೆ ಒಳಗೆ ಹಾಕಿದಷ್ಟೇ ಪ್ರಮಾಣ ದಿನವೂ ಹೊರಗೆ ಬರುತ್ತದೆ. ಸೋರಿಕೆಯ ವಿಷಯದಲ್ಲೂ ಕಟ್ಟುನಿಟ್ಟಾಗಿರಬೇಕು: ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ಭೂಮಿಯನ್ನು ಕಾಯಿಸುವ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 28 ಪಟ್ಟು. ಸೋರುವ ತೊಟ್ಟಿ ಪರಿಸರಕ್ಕೆ ಉಪಕಾರ ಮಾಡುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಇನ್ನೂ ಅಪಾಯಕಾರಿ. ಅದು ಹೆಚ್ಚಾದಾಗ ಮೂಗು ವಾಸನೆಯನ್ನೇ ಗ್ರಹಿಸುವುದಿಲ್ಲವಾದ್ದರಿಂದ, ಖಾಲಿ ತೊಟ್ಟಿಗೆ ಒಬ್ಬಂಟಿಯಾಗಿ, ಗಾಳಿ ಹಾಯಿಸದೆ ಯಾರೂ ಇಳಿಯಕೂಡದು.

ವಿದ್ಯುತ್ತು ಬೇಕೆನ್ನುವವರು ಒಂದು ಘನ ಮೀಟರ್ ಅನಿಲಕ್ಕೆ ಒಂದೂವರೆಯಿಂದ ಎರಡು ಯೂನಿಟ್ (ಕಿಲೋವ್ಯಾಟ್-ಗಂಟೆ) ಎಂದು ಲೆಕ್ಕ ಹಾಕಬಹುದು. ಎಂಜಿನ್ನಿಗೆ ಬಿಡುವ ಮೊದಲು ಗಂಧಕದ ಅಂಶವನ್ನು ತೆಗೆಯದಿದ್ದರೆ ಎಂಜಿನ್ ತುಕ್ಕು ಹಿಡಿದು ಬೇಗ ಹಾಳಾಗುತ್ತದೆ. ಅನಿಲವನ್ನು ಶೇ. 90ಕ್ಕಿಂತ ಹೆಚ್ಚು ಮೀಥೇನ್ ಇರುವಂತೆ ಶುದ್ಧೀಕರಿಸಿ, 200 ಬಾರ್‌ಗಿಂತ ಹೆಚ್ಚು ಒತ್ತಡದಲ್ಲಿ ತುಂಬಿ ವಾಹನ ಓಡಿಸುವುದೂ ಸಾಧ್ಯವಿದೆ. ಆದರೆ ಶುದ್ಧೀಕರಣ ಮತ್ತು ಒತ್ತಡದ ಯಂತ್ರಗಳಿಗೆ ಹಾಕುವ ಬಂಡವಾಳ ದಿನಕ್ಕೆ ಟನ್ನುಗಟ್ಟಲೆ ತ್ಯಾಜ್ಯ ಇರುವಲ್ಲಿ ಮಾತ್ರ ಹಿಂದಿರುಗುತ್ತದೆ.

ಒಣ ತ್ಯಾಜ್ಯವನ್ನು ಸುಡುವುದು: ಹಾಗೆಯೇ, ಅಥವಾ ಪೆಲೆಟ್ ಮಾಡಿ

ಒಣ ತ್ಯಾಜ್ಯ ಇದ್ದು ಶಾಖವೇ ಬೇಕಾಗಿದ್ದರೆ ನೇರವಾಗಿ ಸುಡುವುದಕ್ಕಿಂತ ಅಗ್ಗದ, ನಂಬಿಕೆಯ ದಾರಿ ಇಲ್ಲ. ಒಳ್ಳೆಯ ಬಾಯ್ಲರ್ ಇಂಧನದ ಶೇ. 70ರಿಂದ 85ರಷ್ಟು ಶಕ್ತಿಯನ್ನು ಶಾಖವಾಗಿ ಕೊಡುತ್ತದೆ. ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯನ್ನು ತಮ್ಮ ಬಾಯ್ಲರ್‌ಗಳಲ್ಲೇ ಸುಟ್ಟು ಉಗಿಯನ್ನೂ ವಿದ್ಯುತ್ತನ್ನೂ ಪಡೆಯುವುದು ಇದಕ್ಕೆ ಹಳೆಯ ಮತ್ತು ಯಶಸ್ವಿ ಉದಾಹರಣೆ. ತ್ಯಾಜ್ಯ ಹುಟ್ಟುವ ಜಾಗದಲ್ಲೇ ಉಗಿಯ ಅಗತ್ಯವೂ ಇರುವುದರಿಂದ ಸಾಗಣೆಯ ಖರ್ಚೇ ಬರುವುದಿಲ್ಲ.

ಹುಟ್ಟುವ ಜಾಗ ಒಂದು, ಉರಿಯುವ ಜಾಗ ಇನ್ನೊಂದು ಎಂದಾದಾಗ ಪುಡಿಯಾದ ತ್ಯಾಜ್ಯವನ್ನು ಒತ್ತಿ ಮಾಡಿದ ಚಿಕ್ಕ ಗುಳಿಗೆಗಳಾದ ಪೆಲೆಟ್ ಮತ್ತು ದೊಡ್ಡ ತುಂಡುಗಳಾದ ಬ್ರಿಕೆಟ್‌ಗಳ ಮಾತು ಬರುತ್ತದೆ. ಸಡಿಲವಾದ ಹುಲ್ಲು ಒಂದು ಘನ ಮೀಟರಿಗೆ 100 ಕಿಲೋ ಕೂಡ ತೂಗುವುದಿಲ್ಲ. ಪೆಲೆಟ್ ಸುಮಾರು 600ರಿಂದ 700 ಕಿಲೋ ತೂಗುತ್ತದೆ. ಅದೇ ಲಾರಿ ಆರೇಳು ಪಟ್ಟು ಸರಕು ಹೊರುತ್ತದೆ, ಗೋದಾಮು ಚಿಕ್ಕದಾದರೂ ಸಾಲುತ್ತದೆ, ಸುಗ್ಗಿಯಲ್ಲಿ ಸಿಕ್ಕಿದ್ದನ್ನು ವರ್ಷವಿಡೀ ಬಳಸಬಹುದು. ಬ್ರಿಕೆಟ್ ಮಣಿಕಟ್ಟಿನಷ್ಟು ದಪ್ಪ. ಕೈಯಿಂದ ಇಂಧನ ಹಾಕುವ ದೊಡ್ಡ ಒಲೆಗಳಿಗೂ ಬಾಯ್ಲರ್‌ಗಳಿಗೂ ಅದು ಸಾಕು. ಅದರ ಯಂತ್ರ ಕಚ್ಚಾವಸ್ತುವಿನ ವಿಷಯದಲ್ಲಿ ಅಷ್ಟು ಹಟಮಾರಿಯಲ್ಲ. 6ರಿಂದ 8 ಮಿಲಿಮೀಟರ್ ದಪ್ಪದ ಪೆಲೆಟ್ ತಾನಾಗಿ ಹರಿದು ಬರುವುದರಿಂದ ಸ್ವಯಂಚಾಲಿತ ಬರ್ನರ್‌ಗಳಿಗೆ ಹೊಂದುತ್ತದೆ, ಆದರೆ ಕಚ್ಚಾವಸ್ತುವನ್ನು ನುಣ್ಣಗೆ ಪುಡಿಮಾಡಿ ಶೇ. 10ರಿಂದ 15ರ ತೇವಾಂಶಕ್ಕೆ ತರದಿದ್ದರೆ ಪೆಲೆಟ್ ಒತ್ತುವ ಅಚ್ಚಿನ ತೂತುಗಳು ಕಟ್ಟಿಕೊಳ್ಳುತ್ತವೆ ಅಥವಾ ಪೆಲೆಟ್ ಪುಡಿಯಾಗುತ್ತದೆ.

ಪೆಲೆಟ್ ಘಟಕವನ್ನು ಹಾಕಲು ಹೊರಟವರು ಅಚ್ಚು ಮತ್ತು ರೋಲರ್‌ಗಳ ಸವೆತವನ್ನು ಲೆಕ್ಕಕ್ಕೆ ಸೇರಿಸದೆ ಲಾಭ ಕಂಡುಕೊಳ್ಳುವುದನ್ನು ನೋಡಿದರೆ ಕಳವಳವಾಗುತ್ತದೆ. ಸಿಲಿಕಾ ತುಂಬಿದ ಹೊಟ್ಟು ಮತ್ತು ಮಣ್ಣು ಮೆತ್ತಿಕೊಂಡ ದಂಟು ಉಕ್ಕನ್ನು ಮರಳುಕಾಗದದಂತೆ ತಿನ್ನುತ್ತವೆ. ಇದರ ಮೇಲೆ ಪುಡಿಮಾಡಿ ಒತ್ತುವುದಕ್ಕೆ ಒಂದು ಟನ್ನಿಗೆ ಸುಮಾರು 100 ಯೂನಿಟ್ ಅಥವಾ ಹೆಚ್ಚು ವಿದ್ಯುತ್ ಬೇಕು. ಒಂದು ಟನ್ ಪೆಲೆಟ್ಟಿನಲ್ಲಿರುವ 4,500 ಯೂನಿಟ್ಟಿಗೂ ಹೆಚ್ಚಿನ ಶಾಖದ ಮುಂದೆ ಅದು ಚಿಕ್ಕದು, ಆದರೆ ವಿದ್ಯುತ್ ಬಿಲ್ಲಿನಲ್ಲಿ ಚಿಕ್ಕದಾಗಿ ಕಾಣುವುದಿಲ್ಲ. ಕಚ್ಚಾವಸ್ತು ಹಸಿಯಾಗಿದ್ದು ಒಣಗಿಸಲೂ ಇಂಧನ ಬೇಕಾದರೆ ಇಡೀ ಲೆಕ್ಕ ಬೇರೆಯಾಗುತ್ತದೆ. ಪೆಲೆಟ್ಟಿನ ಮುಚ್ಚಿದ ಗೋದಾಮಿನಲ್ಲಿ ಕಾರ್ಬನ್ ಮಾನಾಕ್ಸೈಡ್ ತಾನಾಗಿಯೇ ಸೇರಿಕೊಳ್ಳುತ್ತದೆ, ಅದರಿಂದ ಸಾವುಗಳೂ ಸಂಭವಿಸಿವೆ. ಗಾಳಿ ಆಡುವಂತೆ ಕಟ್ಟುವುದು ಕಡ್ಡಾಯವೆಂದೇ ತಿಳಿಯಬೇಕು. ಬಣ್ಣ ಬಳಿದ, ರಾಸಾಯನಿಕದಲ್ಲಿ ಅದ್ದಿದ ಹಳೆಯ ಮರವನ್ನು ಇಲ್ಲಿ ಬೆರೆಸಲೇಬಾರದು.

ಗ್ಯಾಸಿಫೈಯರ್

ಒಣ ತ್ಯಾಜ್ಯದಿಂದ ಚಿಕ್ಕ ಪ್ರಮಾಣದಲ್ಲಿ ವಿದ್ಯುತ್ ಬೇಕೆನ್ನುವವರಿಗೆ ಇದು ಆಕರ್ಷಕ. ಪೂರ್ತಿ ಉರಿಯಲು ಸಾಲದಷ್ಟು ಗಾಳಿ ಕೊಟ್ಟಾಗ ಮರ ಅನಿಲವಾಗುತ್ತದೆ. ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಅದರ ಶಕ್ತಿ. ಅರ್ಧದಷ್ಟು ಭಾಗ ಉರಿಯದ ಸಾರಜನಕವೇ ಆಗಿರುವುದರಿಂದ ಒಂದು ಘನ ಮೀಟರಿನಲ್ಲಿ 4ರಿಂದ 6 ಮೆಗಾಜೂಲ್ ಮಾತ್ರ ಇರುತ್ತದೆ, ಜೈವಿಕ ಅನಿಲದ ಸುಮಾರು ಕಾಲು ಭಾಗ. ಒಂದು ಯೂನಿಟ್ ವಿದ್ಯುತ್ತಿಗೆ 1ರಿಂದ 1.5 ಕಿಲೋ ಒಣ ಮರ ಬೇಕು. 10 ಕಿಲೋವ್ಯಾಟ್ ಯಂತ್ರವನ್ನು ದಿನಕ್ಕೆ ಆರು ಗಂಟೆ ನಡೆಸಬೇಕೆಂದರೆ 60ರಿಂದ 90 ಕಿಲೋ ತುಂಡುಗಳನ್ನು ಒಂದೇ ಗಾತ್ರಕ್ಕೆ ಕತ್ತರಿಸಿ, ತೇವಾಂಶವನ್ನು ಶೇ. 20ಕ್ಕಿಂತ ಕೆಳಗಿಳಿಸಿ ಇಟ್ಟುಕೊಂಡಿರಬೇಕು.

ಇದರ ನಿಜವಾದ ಶತ್ರು ಟಾರು. ಅನಿಲ ತಣ್ಣಗಾದಾಗ ಕಪ್ಪು ಅಂಟಾಗಿ ಕೊಳವೆ, ವಾಲ್ವ್‌ಗಳಲ್ಲಿ ಕೂರುವ ಅದನ್ನು ಶೋಧಿಸಬೇಕು. ಶೋಧಕವನ್ನು ಮತ್ತೆ ಮತ್ತೆ ತೊಳೆಯಬೇಕು. ತೊಳೆದ ನೀರು ವಿಷ, ಅದನ್ನು ಚರಂಡಿಗೆ ಬಿಡುವಂತಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಯುರೋಪಿನಲ್ಲಿ ಲಕ್ಷಾಂತರ ವಾಹನಗಳು ಮರದ ಅನಿಲದಿಂದ ಓಡಿದವು, ಪೆಟ್ರೋಲ್ ಮರಳಿ ಬಂದೊಡನೆ ಬಹುತೇಕ ಮಾಯವಾದವು. ತಂತ್ರ ಕೆಲಸ ಮಾಡುತ್ತಿತ್ತು, ಆದರೆ ದಿನದಿನದ ದುಡಿಮೆಯನ್ನು ಕೇಳುತ್ತಿತ್ತು. ಇಂದಿಗೂ ಅದರ ಸ್ವಭಾವ ಬದಲಾಗಿಲ್ಲ. ವಿದ್ಯುತ್ ಜಾಲ ತಲುಪದ, ಡೀಸೆಲ್ ದುಬಾರಿಯಾದ, ಕರಟ ಅಥವಾ ಮರದ ತುಂಡಿನಂಥ ಬೂದಿ ಕಡಿಮೆ ಇರುವ ಇಂಧನ ಧಾರಾಳವಾಗಿರುವ ಜಾಗದಲ್ಲಿ, ತರಬೇತಾದ ಒಬ್ಬರು ಪೂರ್ಣಾವಧಿ ಇರುವುದಾದರೆ ಗ್ಯಾಸಿಫೈಯರನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು. ಈ ಷರತ್ತುಗಳಲ್ಲಿ ಒಂದು ತಪ್ಪಿದರೂ ನಾನು ಬೇಡವೆನ್ನುತ್ತೇನೆ. ಅನಿಲವನ್ನು ತಣ್ಣಗಾಗಿಸದೆ ನೇರವಾಗಿ ಒಲೆಗೋ ಡ್ರೈಯರಿಗೋ ಉರಿಸುವ ಶಾಖದ ಬಳಕೆಗೆ ಮಾತ್ರ ಈ ಆಕ್ಷೇಪ ಅಷ್ಟಾಗಿ ಅನ್ವಯಿಸದು. ಅಲ್ಲಿ ಟಾರೂ ಉರಿದುಹೋಗುತ್ತದೆ.

ಇದ್ದಿಲು ಮತ್ತು ಬಯೋಚಾರ್

ಗಾಳಿಯನ್ನೇ ಕೊಡದೆ 400ರಿಂದ 600 ಡಿಗ್ರಿಯಲ್ಲಿ ಕಾಯಿಸಿದರೆ ಒಣ ತೂಕದ ಶೇ. 25ರಿಂದ 35ರಷ್ಟು ಇದ್ದಿಲಾಗಿ ಉಳಿಯುತ್ತದೆ, ಮೂಲ ಶಕ್ತಿಯ ಸುಮಾರು ಅರ್ಧ ಅದರಲ್ಲಿರುತ್ತದೆ. ಉಳಿದರ್ಧ ಹೊಗೆಯಾಗಿ ಹೋಗುತ್ತದೆ. ಆ ಹೊಗೆಯನ್ನು ಹಿಡಿದು ಉರಿಸಿ ಶಾಖ ಪಡೆಯುವ ಏರ್ಪಾಡು ಇಲ್ಲದ ಭಟ್ಟಿಯನ್ನು ಇಂಧನದ ಘಟಕವೆಂದು ಕರೆಯುವುದು ಕಷ್ಟ. ಇಂಧನವಷ್ಟೇ ಗುರಿಯಾದರೆ ಈ ದಾರಿ ಹಿಂದೆ ಬೀಳುತ್ತದೆ. ಆದರೆ ಮಣ್ಣು ಹುಳಿಯಾಗಿದ್ದು, ಮರಳಾಗಿದ್ದು, ನೀರನ್ನೂ ಪೋಷಕಾಂಶಗಳನ್ನೂ ಹಿಡಿದಿಡಲಾರದ ಸ್ಥಿತಿಯಲ್ಲಿದ್ದರೆ ಇದ್ದಿಲನ್ನು ಗೊಬ್ಬರದ ಜೊತೆ ನೆನೆಸಿ ಮಣ್ಣಿಗೆ ಸೇರಿಸುವುದು ಬೆಲೆಯುಳ್ಳ ಕೆಲಸ; ಹೀಗೆ ಮಣ್ಣಿಗೆ ಸೇರಿಸುವ ಇದ್ದಿಲನ್ನೇ ಬಯೋಚಾರ್ ಎನ್ನುತ್ತಾರೆ. ಅಮೆಜಾನ್ ಪ್ರದೇಶದಲ್ಲಿ ಬಹು ಹಿಂದಿನ ಜನವಸತಿಗಳು ಇದ್ದಿಲು ಬೆರೆಸಿ ಮಾಡಿದ ಕಪ್ಪು ಮಣ್ಣು ಶತಮಾನಗಳ ಮೇಲೂ ಫಲವತ್ತಾಗಿ ಉಳಿದಿದೆ.

ದೊಡ್ಡ ಬಂಡವಾಳದ ಎರಡು ದಾರಿಗಳು

ಉಗಿಯ ಟರ್ಬೈನಿನಿಂದ ವಿದ್ಯುತ್ ತಯಾರಿಸುವುದು ಗಾತ್ರವನ್ನು ಬೇಡುತ್ತದೆ. ದೊಡ್ಡ ಸ್ಥಾವರಗಳಲ್ಲಿ ಶೇ. 30ಕ್ಕಿಂತ ಹೆಚ್ಚು ಶಕ್ತಿ ವಿದ್ಯುತ್ತಾಗುತ್ತದೆ, ಚಿಕ್ಕವುಗಳಲ್ಲಿ ಅದರ ಅರ್ಧವೂ ಆಗುವುದಿಲ್ಲ. ಗಾತ್ರ ಹೆಚ್ಚಿದಷ್ಟೂ ದೂರದಿಂದ ತ್ಯಾಜ್ಯ ತರಬೇಕು, ತ್ಯಾಜ್ಯಕ್ಕೆ ಬೆಲೆ ಕಟ್ಟಬೇಕು. ಹತ್ತಿರದಲ್ಲಿ ಉಳಿಕೆ ಶಾಖವನ್ನು ಕೊಳ್ಳುವವರಿದ್ದರೆ ಮಾತ್ರ ಲೆಕ್ಕ ಗಟ್ಟಿಯಾಗುತ್ತದೆ. ದಂಟು, ಹುಲ್ಲುಗಳಿಂದ ಎಥನಾಲ್ ತೆಗೆಯುವ ಎರಡನೆಯ ತಲೆಮಾರಿನ ಘಟಕಗಳು ಒಂದು ಟನ್ ಒಣ ವಸ್ತುವಿಗೆ 250ರಿಂದ 300 ಲೀಟರ್ ಕೊಡಬಲ್ಲವು, ಆದರೆ ಈ ದಾರಿ ಇನ್ನೂ ಸುಗಮವಾಗಿಲ್ಲ. ಅಮೆರಿಕದ ಅಯೋವಾ ರಾಜ್ಯದಲ್ಲಿ ಡುಪಾಂಟ್ ಸಂಸ್ಥೆ 2015ರಲ್ಲಿ ತೆರೆದ, ಮೆಕ್ಕೆಜೋಳದ ದಂಟು ಬಳಸುವ ಬೃಹತ್ ಘಟಕವನ್ನು 2017ರಲ್ಲೇ ನಿಲ್ಲಿಸಿತು. ವ್ಯಕ್ತಿಗಳು, ಚಿಕ್ಕ ಸಹಕಾರ ಸಂಘಗಳು ಎಥನಾಲ್ ಘಟಕ ಕಟ್ಟಲು ಹೋಗದೆ, ಅಂಥ ಘಟಕ ಹತ್ತಿರ ಬಂದರೆ ಅದಕ್ಕೆ ದಂಟು ಮಾರುವುದೇ ಲೇಸು.

ಯಾರಿಗೆ ಯಾವುದು?

ಕೈಯಲ್ಲಿ ಹಣ ಕಡಿಮೆ, ನಾಲ್ಕಾರು ದನಗಳಿವೆ, ಜಮೀನಿದೆ ಎಂದರೆ ಮನೆಮಟ್ಟದ ಜೈವಿಕ ಅನಿಲವೇ ಸರಿ. ವಿದ್ಯುತ್ತಿನ ಆಸೆ ಬಿಟ್ಟು ಅಡುಗೆಗೆ ಬಳಸಬೇಕು. ದಿನವೂ ದೊಡ್ಡ ಅಡುಗೆ ನಡೆಯುವ ಸಂಸ್ಥೆಗೂ ಅದೇ ಉತ್ತರ, ಆದರೆ ಮೂಲದಲ್ಲೇ ಪ್ಲಾಸ್ಟಿಕ್ಕನ್ನು ಬೇರ್ಪಡಿಸುವ ಶಿಸ್ತು ಬಂದ ಮೇಲೆ. ಮರದ ಮಿಲ್ಲಿಗೂ ಧಾನ್ಯದ ಗಿರಣಿಗೂ ತಮ್ಮದೇ ಡ್ರೈಯರ್ ಇದ್ದರೆ ಹೊಟ್ಟನ್ನು ಅಲ್ಲೇ ಸುಡುವುದು ಮೊದಲ ಆಯ್ಕೆ, ಮಿಕ್ಕದ್ದು ಮಾರುವಷ್ಟಿದ್ದರೆ ಬ್ರಿಕೆಟ್. ಪೆಲೆಟ್ ಯಂತ್ರ ಖಚಿತವಾದ ಕೊಳ್ಳುಗರು ಸಿಕ್ಕ ಮೇಲೆ. ವರ್ಷಕ್ಕೊಮ್ಮೆ ಹುಲ್ಲಿನ ರಾಶಿ ಬರುವ ಹಳ್ಳಿಯಲ್ಲಿ ಹಲವರು ಸೇರಿ ಒಂದು ಬ್ರಿಕೆಟ್ ಘಟಕ ನಡೆಸುವುದು ಒಬ್ಬೊಬ್ಬರು ಒಂದೊಂದು ಯಂತ್ರ ಕೊಳ್ಳುವುದಕ್ಕಿಂತ ಮೇಲು. ಹಸಿಯೂ ಒಣದೂ ಎರಡೂ ಇರುವವರು ಎರಡನ್ನೂ ಒಂದೇ ಯಂತ್ರಕ್ಕೆ ತುರುಕಲು ನೋಡಬಾರದು. ಪ್ರಮಾಣ ಹೆಚ್ಚಿರುವುದಕ್ಕೆ ಮೊದಲು ದಾರಿ ಮಾಡಿ, ಇನ್ನೊಂದನ್ನು ಮಾರುವುದೋ ಗೊಬ್ಬರ ಮಾಡುವುದೋ ಒಳ್ಳೆಯದು.

ಯಾವುದನ್ನೇ ಆರಿಸಿಕೊಂಡರೂ ಗಾತ್ರವನ್ನು ಅತ್ಯಂತ ಕಡಿಮೆ ತ್ಯಾಜ್ಯ ಸಿಗುವ ತಿಂಗಳಿಗೆ ಹತ್ತಿರವಾಗಿ ನಿಗದಿ ಮಾಡಬೇಕು. ಅರ್ಧ ಹೊಟ್ಟೆಯಲ್ಲಿ ನಡೆಯುವ ದೊಡ್ಡ ಘಟಕ ಸಾಲದ ಕಂತನ್ನು ಮಾತ್ರ ಪೂರ್ತಿ ಕೇಳುತ್ತದೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನಿಮ್ಮದೇ ತ್ಯಾಜ್ಯದ ಒಂದು ಹೊರೆಯನ್ನು ಮಾರಾಟಗಾರರ ಯಂತ್ರದಲ್ಲಿ ನಿಮ್ಮ ಕಣ್ಣೆದುರು ನಡೆಸಿ ತೋರಿಸುವಂತೆ ಕೇಳಿ; ಎಷ್ಟು ತೇವಾಂಶದ, ಎಷ್ಟು ಬೂದಿಯ ವಸ್ತುವಿಗೆ ಎಷ್ಟು ಉತ್ಪಾದನೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಅದೇ ಯಂತ್ರವನ್ನು ಎರಡು ವರ್ಷಕ್ಕಿಂತ ಹೆಚ್ಚು ಕಾಲ ಬಳಸಿದವರ ಬಳಿಗೆ ಹೋಗಿ, ಈ ಅವಧಿಯಲ್ಲಿ ಯಾವ ಬಿಡಿಭಾಗ ಎಷ್ಟು ಬಾರಿ ಬದಲಾಯಿತು, ಅದು ಬರುವವರೆಗೆ ಯಂತ್ರ ಎಷ್ಟು ದಿನ ನಿಂತಿತ್ತು ಎಂದು ವಿಚಾರಿಸಿ.